ಶತಮಾನೋತ್ಸವದ ಹಣದಲ್ಲಿ ಶಾಲೆಗೆ ಏನು ಕೊಳ್ಳಬೇಕು: ಸ್ಮಾರ್ಟ್ ಬೋರ್ಡೇ, ಹಿಡಿಕಡ್ಡಿಯೇ?

ಉತ್ತರ ಕನ್ನಡದಲ್ಲಿ ಈಗ ಒಂದರ ಹಿಂದೆ ಒಂದರಂತೆ ಕನ್ನಡ ಶಾಲೆಗಳಿಗೆ ನೂರು ವರ್ಷ ತುಂಬುತ್ತಿದೆ. ಮುಂಬೈಯಲ್ಲಿಯೂ ಬೆಂಗಳೂರಿನಲ್ಲಿಯೂ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸುತ್ತಾರೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆ ಸೇರುತ್ತದೆ, ಪೆಂಡಾಲು, ಊಟ, ಯಕ್ಷಗಾನ ಎಂದು ಲೆಕ್ಕ ಹಾಕಿ ಮುಗಿದ ಮೇಲೆ, ಉಳಿದ ಹಣದಲ್ಲಿ ಮಕ್ಕಳಿಗೆ ಶಾಶ್ವತವಾದದ್ದೇನಾದರೂ ಆಗಬೇಕೆಂಬ ಮಾತು ಏಳುತ್ತದೆ. ಆ ಶಾಶ್ವತವಾದದ್ದು ಬಹುಪಾಲು ಸಭೆಗಳಲ್ಲಿ ಸ್ಮಾರ್ಟ್ ಬೋರ್ಡೇ ಆಗಿರುತ್ತದೆ. ಅದರ ಮೇಲೆ ದಾನಿಗಳ ಹೆಸರು ಬರೆಸಬಹುದು, ಉದ್ಘಾಟನೆಗೆ ರಿಬ್ಬನ್ ಕಟ್ಟಬಹುದು. ಮಕ್ಕಳು ಎಣಿಸಿ ಲೆಕ್ಕ ಕಲಿಯುವ ಹಿಡಿಕಡ್ಡಿಯ, ಅಂದರೆ ತೆಂಗಿನ ಗರಿಯ ಕಡ್ಡಿಯ, ಕಟ್ಟಿಗೆ ರಿಬ್ಬನ್ ಕಟ್ಟಿದವರನ್ನು ನಾನಂತೂ ಕಂಡಿಲ್ಲ.

ಮೊದಲು ಜೋಯಿಡಾದ ಕಾಡಿನ ನಡುವಿನ ಒಂದು ಶಾಲೆಯಲ್ಲಿ, ಬಳಿಕ ಕುಮಟಾ ತಾಲೂಕಿನ ಅಘನಾಶಿನಿ ಹೊಳೆಯ ದಂಡೆಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ನನ್ನನ್ನು ಇಂಥ ಸಭೆಗಳಿಗೆ ಆಗಾಗ ಕರೆಯುತ್ತಾರೆ. ದುಬಾರಿ ತಂತ್ರಜ್ಞಾನ ಒಳ್ಳೆಯದೋ ಸರಳ ಬೋಧನೋಪಕರಣ ಒಳ್ಳೆಯದೋ ಎಂದು ನೇರವಾಗಿ ಕೇಳಿದರೆ, ಎರಡೂ ವ್ಯರ್ಥವಾಗುವುದನ್ನು ನಾನು ನೋಡಿದ್ದೇನೆ ಎಂಬುದೇ ನನ್ನ ಉತ್ತರ. ಯಾವ ಉಪಕರಣವಾದರೂ ಮಗುವಿನ ಒಂದು ನಿರ್ದಿಷ್ಟ ತೊಡಕಿಗೆ ತಕ್ಕಂತೆ ಆರಿಸಿದ್ದಾಗಿರಬೇಕು, ಮತ್ತು ಅದು ತರಗತಿಯ ಹೆಚ್ಚಿನ ಹೊತ್ತು ಮಗುವಿನ ಕೈಯಲ್ಲಿರಬೇಕು. ಈ ಎರಡು ಷರತ್ತುಗಳನ್ನು ಹಿಡಿದುಕೊಂಡು ಹೇಗೆ ತೀರ್ಮಾನಿಸಬೇಕೆಂಬುದನ್ನು ಶಿಕ್ಷಕರಿಗೂ ಎಸ್‌ಡಿಎಂಸಿ ಸದಸ್ಯರಿಗೂ ಅನುಕೂಲವಾಗುವಂತೆ ಇಲ್ಲಿ ವಿವರಿಸುತ್ತೇನೆ.

ದರಪಟ್ಟಿಗಿಂತ ಮೊದಲು ಮಕ್ಕಳ ಪಟ್ಟಿ

ನಮ್ಮ ಕಡೆ ನೋಟ್‌ಬುಕ್ಕಿಗೆ ಪಟ್ಟಿ ಎನ್ನುತ್ತೇವೆ. ಯಾವ ಅಂಗಡಿಯಿಂದಲೂ ದರಪಟ್ಟಿ ತರಿಸುವುದಕ್ಕೆ ಮುಂಚೆ, ನಾಲ್ಕನೆಯ ಮತ್ತು ಐದನೆಯ ತರಗತಿಯ ಮಕ್ಕಳ ಗಣಿತದ ಪಟ್ಟಿಗಳನ್ನು ಒಂದು ಸಂಜೆ ಮೇಜಿನ ಮೇಲೆ ಹರಡಿಕೊಂಡು ಕುಳಿತುಕೊಳ್ಳಿ. ಅದಕ್ಕೂ ಮೊದಲು ಎಲ್ಲ ಮಕ್ಕಳಿಗೂ ಒಂದೇ ರೀತಿಯ ಹತ್ತು ವ್ಯವಕಲನದ ಲೆಕ್ಕಗಳನ್ನು ಕೊಡಿ; ಅವುಗಳಲ್ಲಿ ನಾಲ್ಕೈದಾದರೂ ನಡುವೆ ಸೊನ್ನೆ ಇರುವ ಸಂಖ್ಯೆಗಳಾಗಿರಲಿ. ಎಷ್ಟು ಸರಿ ಎಷ್ಟು ತಪ್ಪು ಎಂದು ಅಂಕ ಹಾಕುವುದು ಬೇಡ. ತಪ್ಪು ಉತ್ತರಗಳನ್ನು ಮಾತ್ರ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

402ರಲ್ಲಿ 178 ಕಳೆಯುವ ಲೆಕ್ಕವನ್ನೇ ತೆಗೆದುಕೊಳ್ಳೋಣ. ಸರಿಯಾದ ಉತ್ತರ 224. ತಪ್ಪು ಮಾಡಿದ ಮಕ್ಕಳಲ್ಲಿ ಕೆಲವರು 376 ಎಂದು ಬರೆದಿರುತ್ತಾರೆ, ಇನ್ನು ಕೆಲವರು 234 ಎಂದು ಬರೆದಿರುತ್ತಾರೆ. ಕೆಂಪು ಶಾಯಿಯ ಪೆನ್ನಿಗೆ ಇವೆರಡೂ ಒಂದೇ ಬಗೆಯ ತಪ್ಪು. ಆದರೆ ಇವುಗಳ ಬೇರು ಬೇರೆ ಬೇರೆ. 376 ಎಂದವನು ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದ್ದಾನೆ: ಎಂಟರಲ್ಲಿ ಎರಡು ಹೋದರೆ ಆರು, ಏಳರಲ್ಲಿ ಸೊನ್ನೆ ಹೋದರೆ ಏಳು, ನಾಲ್ಕರಲ್ಲಿ ಒಂದು ಹೋದರೆ ಮೂರು. 402 ಎನ್ನುವುದು ಒಂದೇ ಮೊತ್ತವೆಂಬುದು ಅವನ ಮನಸ್ಸಿಗೆ ಇನ್ನೂ ಬಂದಿಲ್ಲ. ಅವನಿಗೆ ಅದು ಪಕ್ಕಪಕ್ಕದಲ್ಲಿ ನಿಂತ ಮೂರು ಬಿಡಿ ಅಂಕಿಗಳು. 234 ಎಂದವಳು ಇಷ್ಟರಲ್ಲಿ ಬಹಳ ದೂರ ಬಂದಿದ್ದಾಳೆ. ಬಿಡಿ ಸ್ಥಾನಕ್ಕೆ ದಶಕ ತರಬೇಕೆಂದೂ ದಶಕವಿಲ್ಲದಿದ್ದರೆ ನೂರನ್ನು ಒಡೆಯಬೇಕೆಂದೂ ಅವಳಿಗೆ ಗೊತ್ತು. ಒಡೆದ ನೂರಿನ ಹತ್ತು ದಶಕಗಳಲ್ಲಿ ಒಂದು ಬಿಡಿಯ ಮನೆಗೆ ಹೋದ ಮೇಲೆ ಒಂಬತ್ತೇ ಉಳಿದವೆಂಬುದನ್ನು ಮಾತ್ರ ಅವಳು ಮರೆತಿದ್ದಾಳೆ.

ಈ ಇಬ್ಬರನ್ನೂ ಕೂರಿಸಿ, ಹಾಡು ಮತ್ತು ಬಣ್ಣದ ಗೊಂಬೆಗಳಿರುವ ವ್ಯವಕಲನದ ವಿಡಿಯೊ ತೋರಿಸಿದರೆ, ಇಬ್ಬರೂ ಒಂದೇ ಸರಿಯಾದ ಕ್ರಮವನ್ನು ನೋಡಿ ಒಂದೇ ರೀತಿ ತಲೆಯಾಡಿಸುತ್ತಾರೆ. ಮರುದಿನ ಪಟ್ಟಿಯಲ್ಲಿ ಮತ್ತೆ 376 ಮತ್ತು 234 ಕಾಣುತ್ತವೆ.

ನಾವು ಮಾಡಿದ್ದು ಇಷ್ಟು. ತೆಂಗಿನ ಗರಿಯ ಹಿಡಿಕಡ್ಡಿಗಳನ್ನು ಬೆರಳುದ್ದಕ್ಕೆ ಕತ್ತರಿಸಿ, ಹತ್ತತ್ತನ್ನು ಬಾಳೆನಾರಿನಿಂದ ಕಟ್ಟಿ, ಅಂಥ ಹತ್ತು ಕಟ್ಟುಗಳನ್ನು ಸೇರಿಸಿ ನೂರರ ಹೊರೆ ಮಾಡಿದೆವು. ಕಟ್ಟುವ ಕೆಲಸವನ್ನೂ ಮಕ್ಕಳೇ ಮಾಡಬೇಕು. ಅದರಲ್ಲಿ ಅರ್ಧ ಪಾಠವಿದೆ. ನಾಲ್ವರ ಗುಂಪಿಗೆ 500 ಕಡ್ಡಿ ಸಾಕು. 402ನ್ನು ಚಾಪೆಯ ಮೇಲೆ ಇಟ್ಟರೆ ನಾಲ್ಕು ಹೊರೆ, ಎರಡು ಬಿಡಿ ಕಡ್ಡಿ. ಇದರಿಂದ 178ನ್ನು ಎತ್ತಿ ಕೊಡು ಎಂದಾಗ ಮಗುವಿನ ಕೈ ಬಿಡಿ ಕಡ್ಡಿಯ ಕಡೆ ಹೋಗುತ್ತದೆ. ಅಲ್ಲಿ ಇರುವುದು ಎರಡೇ. ಹತ್ತರ ಕಟ್ಟು ಹುಡುಕಿದರೆ ಅದು ಇಲ್ಲವೇ ಇಲ್ಲ. ಒಬ್ಬ ಹುಡುಗಿ ತಾನೇ ಬಿಗಿದ ಹೊರೆಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿ, "ಮಾಸ್ತರ್ರೇ, ಇದ್ನ ಬಿಚ್ಚೂಕೆ ಅಡ್ಡಿಲ್ವಾ?" ಎಂದು ಕೇಳಿದಳು. ಬಿಚ್ಚಿದಳು, ಹತ್ತು ಕಟ್ಟುಗಳು ಚಾಪೆಯ ಮೇಲೆ ಉರುಳಿದವು, ಅದರಲ್ಲೊಂದನ್ನು ಮತ್ತೆ ಬಿಚ್ಚಿದಳು, ಉಳಿದ ಒಂಬತ್ತನ್ನು ಸಾಲಾಗಿ ಜೋಡಿಸಿದಳು. ಆ ಒಂಬತ್ತು ಅವಳ ಕಣ್ಣೆದುರಿಗೇ ಇದ್ದುದರಿಂದ ಅದನ್ನು ಮರೆಯುವುದಕ್ಕೆ ಅವಕಾಶವಿರಲಿಲ್ಲ. 234ರ ಗುಂಪಿಗೆ ಇಂಥದ್ದು ಎರಡು ದಿನ ಸಾಕಾಯಿತು. 376ರ ಗುಂಪಿಗೆ ಮೂರು ವಾರ ಬೇಕಾಯಿತು.

ಭಾಷೆಯ ಪಟ್ಟಿಗಳನ್ನೂ ಹೀಗೆಯೇ ಓದಬೇಕು. ಕಾರವಾರದ ಕಡೆ ಮನೆಯಲ್ಲಿ ಕೊಂಕಣಿ ಆಡುವ ಮಗು, ಹಳಿಯಾಳ-ಜೋಯಿಡಾದ ಕಡೆ ಮರಾಠಿ ಆಡುವ ಮಗು, ಕನ್ನಡ ಅಕ್ಷರಗಳನ್ನು ತಪ್ಪಿಲ್ಲದೆ ಜೋಡಿಸಿ ಓದಿಯೂ ಅರ್ಥ ಹೇಳಲಾರದೆ ನಿಲ್ಲಬಹುದು. ಅದಕ್ಕೆ ಇನ್ನಷ್ಟು ಅಕ್ಷರದ ಕಾರ್ಡುಗಳನ್ನು ಕೊಡುವುದು ನೀರಿನಲ್ಲಿ ಹೋಮ ಮಾಡಿದಂತೆ. ಅದಕ್ಕೆ ಬೇಕಾದದ್ದು ಮಾತು, ಚಿತ್ರ, ಕಥೆ. ಒತ್ತಕ್ಷರದಲ್ಲಿ ಎಡವುವ ಮಗುವಿಗಾದರೆ ಕಾರ್ಡೇ ಬೇಕು. ಹೀಗೆ ತೊಡಕುಗಳನ್ನು ಒಂದು ಪುಟದಲ್ಲಿ ಬರೆದ ಮೇಲೆ, ಪ್ರತಿಯೊಂದರ ಎದುರಿಗೆ ಅದನ್ನು ಬಿಡಿಸಬಲ್ಲ ಅತಿ ಅಗ್ಗದ ವಸ್ತು ಯಾವುದೆಂದು ಬರೆಯಿರಿ. ಅಗ್ಗದ್ದು ಯಾವುದೂ ಹೊಳೆಯದ ಸಾಲುಗಳೇ ತಂತ್ರಜ್ಞಾನಕ್ಕೆ ಮೀಸಲಾದ ಸಾಲುಗಳು. ಆ ಪುಟವನ್ನು ಸಭೆಯಲ್ಲಿ ಓದಿ.

ಹೊರಗಿನವರು ಕೈ ಸುಟ್ಟುಕೊಂಡು ಕಲಿತದ್ದು

ಪೆರು ದೇಶದಲ್ಲಿ 'ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಡಿ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪುಗಳನ್ನು ಹಂಚಲಾಯಿತು. 319 ಗ್ರಾಮೀಣ ಶಾಲೆಗಳನ್ನು ಹದಿನೈದು ತಿಂಗಳ ಬಳಿಕ ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಹೊರಬಂದಾಗ, ಗಣಿತದಲ್ಲಿಯೂ ಭಾಷೆಯಲ್ಲಿಯೂ ಲ್ಯಾಪ್‌ಟಾಪ್ ಪಡೆದ ಮಕ್ಕಳು ಪಡೆಯದ ಮಕ್ಕಳಿಗಿಂತ ಮುಂದೆ ಹೋಗಿರಲಿಲ್ಲ. ಸರಳ ಉಪಕರಣದ ಪಕ್ಷಪಾತಿಗಳು ಈ ಉದಾಹರಣೆಯನ್ನು ಸಂತೋಷದಿಂದ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ಕೆನ್ಯಾದ ಸುದ್ದಿ ಓದುವವರೆಗೆ. ಅಲ್ಲಿ 178 ಶಾಲೆಗಳನ್ನು ಆರಿಸಿ, ಅರ್ಧದಷ್ಟು ಶಾಲೆಗಳಿಗೆ ವಿಜ್ಞಾನ, ಗಣಿತ ಮುಂತಾದ ವಿಷಯಗಳ ದೊಡ್ಡ ಚಿತ್ರಪಟಗಳನ್ನು, ಅಂದರೆ ನಾವು ಗೋಡೆಗೆ ತೂಗುಹಾಕುವಂಥ ಚಾರ್ಟುಗಳನ್ನೇ ಕೊಟ್ಟಿದ್ದರು. ಪರೀಕ್ಷೆಯ ಅಂಕಗಳಲ್ಲಿ ಅದರಿಂದಲೂ ವ್ಯತ್ಯಾಸವಾಗಲಿಲ್ಲ. ಅಗ್ಗವೆಂಬ ಒಂದೇ ಕಾರಣಕ್ಕೆ ವಸ್ತು ಪಾಠ ಕಲಿಸುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ನನ್ನಂಥವನಿಗೆ ಸ್ವಲ್ಪ ಕಹಿಯಾಗಿತ್ತು. ಲ್ಯಾಪ್‌ಟಾಪು ಮಗುವಿನ ಕೈಯಲ್ಲಿತ್ತು, ಆದರೆ ಯಾವ ಮಗುವಿನ ಯಾವ ತೊಡಕಿಗೆಂದು ಯಾರೂ ಕೇಳಿರಲಿಲ್ಲ. ಚಾರ್ಟು ಮಗುವಿನ ಕೈಯಲ್ಲಿಯೂ ಇರಲಿಲ್ಲ.

ನಮ್ಮ ದೇಶದ ಅಧ್ಯಯನಗಳು ಇನ್ನಷ್ಟು ಹತ್ತಿರದ ಮಾತನ್ನು ಹೇಳುತ್ತವೆ. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ವಡೋದರಾ ಮತ್ತು ಮುಂಬೈಯ ಶಾಲೆಗಳಲ್ಲಿ ಎರಡು ಉಪಾಯಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆ ಕೂರಿಸಿಕೊಂಡು ಕಲಿಸುವ 'ಬಾಲಸಖಿ' ಎಂಬ ಸ್ಥಳೀಯ ಯುವತಿಯರನ್ನು ನೇಮಿಸುವುದು ಒಂದು, ಮಗುವಿನ ಮಟ್ಟಕ್ಕೆ ತಕ್ಕ ಗಣಿತದ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವುದು ಇನ್ನೊಂದು. ಎರಡರಿಂದಲೂ ಪ್ರಯೋಜನವಾಯಿತು. ಗಣಿತದಲ್ಲಿ ಕಂಪ್ಯೂಟರಿನ ಪರಿಣಾಮ ಹೆಚ್ಚಾಗಿಯೇ ಇತ್ತು. ಆದರೆ ಖರ್ಚು ಮಾಡಿದ ಪ್ರತಿ ರೂಪಾಯಿಗೆ ದೊರೆತ ಕಲಿಕೆಯನ್ನು ಲೆಕ್ಕ ಹಾಕಿದಾಗ ಬಾಲಸಖಿಯರೇ ಮುಂದಿದ್ದರು. ಗುಜರಾತಿನಲ್ಲಿಯೇ ನಡೆದ ಇನ್ನೊಂದು ಅಧ್ಯಯನದಲ್ಲಿ ಶಾಲೆಯ ಅವಧಿಯೊಳಗೆ ಶಿಕ್ಷಕರ ಪಾಠದ ಬದಲು ಕಂಪ್ಯೂಟರ್ ಇಟ್ಟಾಗ ಮಕ್ಕಳ ಕಲಿಕೆ ಕುಸಿಯಿತು, ಅದೇ ಕಂಪ್ಯೂಟರನ್ನು ಶಾಲೆಯ ಅವಧಿಯ ಹೊರಗೆ ಹೆಚ್ಚಿನ ಅಭ್ಯಾಸಕ್ಕೆ ಕೊಟ್ಟಾಗ ಏರಿತು. ಯಂತ್ರ ಅದೇ, ಮಕ್ಕಳೂ ಅಂಥವರೇ. ಅದನ್ನು ಯಾವುದರ ಜಾಗದಲ್ಲಿ ಇಟ್ಟರೆಂಬುದೇ ವ್ಯತ್ಯಾಸ. ದೆಹಲಿಯಲ್ಲಿ 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶ ನಾಲ್ಕೂವರೆ ತಿಂಗಳಲ್ಲಿ ಒಳ್ಳೆಯ ಫಲ ಕೊಟ್ಟಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನವನ್ನು ಮಾರಾಟಗಾರರು ಉಲ್ಲೇಖಿಸಿದರೆ, ಅದೂ ಶಾಲೆ ಬಿಟ್ಟ ಮೇಲೆ ನಡೆದದ್ದೆಂದೂ, ದಿನದ ತೊಂಬತ್ತು ನಿಮಿಷಗಳಲ್ಲಿ ಅರ್ಧ ಹೊತ್ತು ಚಿಕ್ಕ ಗುಂಪಿಗೆ ಮನುಷ್ಯರೇ ಪಾಠ ಮಾಡುತ್ತಿದ್ದರೆಂದೂ, ಪ್ರತಿ ಮಗುವಿಗೆ ಅದರದ್ದೇ ಮಟ್ಟದ ಪ್ರಶ್ನೆಗಳು ಬರುತ್ತಿದ್ದವೆಂದೂ ವಿನಯದಿಂದ ನೆನಪಿಸಿ. ಗೋಡೆಯ ಮೇಲಿನ ಒಂದು ದೊಡ್ಡ ಪರದೆ ಮೂವತ್ತು ಮಕ್ಕಳಿಗೆ ಒಂದೇ ಪ್ರಶ್ನೆ ಕೇಳುತ್ತದೆ.

ಮಳೆಗಾಲದ ಪರೀಕ್ಷೆ

ನಮ್ಮ ಜಿಲ್ಲೆಯಲ್ಲಿ ಶಾಲಾ ವರ್ಷವೂ ಮಳೆಗಾಲವೂ ಒಟ್ಟಿಗೇ ಆರಂಭವಾಗುತ್ತವೆ. ಹೀಗಾಗಿ ಯಾವ ವಸ್ತುವನ್ನಾದರೂ ಕೊಳ್ಳುವ ಮೊದಲು, ಆಷಾಢದ ಒಂದು ಮಧ್ಯಾಹ್ನ, ಕರೆಂಟು ಹೋಗಿ, ಹಂಚಿನ ಮೇಲೆ ಮಳೆ ಹುಯ್ಯುತ್ತಿರುವಾಗ ಇದು ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು. ಆ ಸದ್ದಿನಲ್ಲಿ ವಿಡಿಯೊದ ಧ್ವನಿ ಎರಡನೆಯ ಸಾಲಿಗೇ ಮುಟ್ಟುವುದಿಲ್ಲ. ಕರಾವಳಿಯ ಉಪ್ಪಿನ ಗಾಳಿ ಲೋಹದ ಕೀಲುಗಳನ್ನು ತಿನ್ನುತ್ತದೆ. ತೇವಕ್ಕೆ ಪ್ರೊಜೆಕ್ಟರಿನ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ.

ನಾನಿದ್ದ ಒಂದು ಶಾಲೆಗೆ ದಾನಿಯೊಬ್ಬರು ಪ್ರೊಜೆಕ್ಟರ್ ಮತ್ತು ಯುಪಿಎಸ್ ಕೊಟ್ಟಿದ್ದರು. ಜುಲೈ ತಿಂಗಳಿನಲ್ಲಿ ಯುಪಿಎಸ್ಸು ಕೂಗಿ ಕೂಗಿ ಸುಮ್ಮನಾಯಿತು. ಬಿಚ್ಚಿ ನೋಡಿದರೆ ಒಳಗೆ ಹಲ್ಲಿಯೊಂದು ಸುಟ್ಟು ಕರಕಲಾಗಿತ್ತು. ರಿಪೇರಿಯವರು ಮಳೆ ಕಡಿಮೆಯಾದ ಮೇಲೆ ಬರುತ್ತೇವೆಂದರು, ಬರುವಷ್ಟರಲ್ಲಿ ವಾರಂಟಿ ಮುಗಿದಿತ್ತು. ಬಿಳಿಯ ಪರದೆಯನ್ನು ಆ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ನಾಟಕದ ಹಿಂದೆ ಕಟ್ಟಿದೆವು.

ಆದರೆ ಮಳೆಗಾಲ ಸರಳ ವಸ್ತುಗಳಿಗೂ ರಿಯಾಯಿತಿ ತೋರಿಸುವುದಿಲ್ಲ. ರಟ್ಟಿನ ಕಾರ್ಡು ಉಬ್ಬುತ್ತದೆ, ಚಾರ್ಟು ಸುರುಳಿ ಸುತ್ತಿಕೊಂಡು ಕಪ್ಪು ಚುಕ್ಕಿ ಬೀಳುತ್ತದೆ, ಒದ್ದೆಯಾದ ಕರಿಹಲಗೆಯ ಮೇಲೆ ಖಡು, ಅಂದರೆ ಸೀಮೆಸುಣ್ಣ, ಜಾರುತ್ತದೆಯೇ ಹೊರತು ಬರೆಯುವುದಿಲ್ಲ. ಏಪ್ರಿಲ್ ರಜೆಯಲ್ಲಿ ಹಲಗೆಗೆ ಹೊಸ ಬಣ್ಣ ಬಳಿಸಿ. ಖಡುವಿನ ಪೆಟ್ಟಿಗೆಯನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಹಾಕಿ ಬಿಸಿಯೂಟದ ಕೋಣೆಯಲ್ಲಿಡಿ. ಕಾರ್ಡುಗಳನ್ನು ಲ್ಯಾಮಿನೇಶನ್ ಮಾಡಿಸುವಾಗ ಅಂಚಿನಲ್ಲಿ ಕಾಲು ಇಂಚಿನಷ್ಟು ಪ್ಲಾಸ್ಟಿಕ್ ಹೊರಗೆ ಉಳಿಯುವಂತೆ ಕತ್ತರಿಸಲು ಹೇಳಿ. ಅಂಚಿಗೆ ಸರಿಯಾಗಿ ಕತ್ತರಿಸಿದರೆ ಅಲ್ಲಿಂದಲೇ ನೀರು ಒಳಗೆ ಹೋಗುತ್ತದೆ. ಹಿಡಿಕಡ್ಡಿಗಳನ್ನು ಕತ್ತರಿಸುವ ಮೊದಲು ಚೆನ್ನಾಗಿ ಒಣಗಿಸಬೇಕು, ಇಲ್ಲವಾದರೆ ಅವಕ್ಕೂ ಬೂಷ್ಟು ತಪ್ಪಿದ್ದಲ್ಲ.

ಬೆಲೆಯನ್ನು ಗಂಟೆಯಿಂದ ಭಾಗಿಸಿ

ಅಂಗಡಿಯವರು ಹೇಳುವುದು ವಸ್ತುವಿನ ಬೆಲೆ. ನಮಗೆ ಬೇಕಾದದ್ದು ಬಳಕೆಯ ಬೆಲೆ. ಒಂದು ಸ್ಮಾರ್ಟ್ ಬೋರ್ಡು ಒಂದೂವರೆ ಲಕ್ಷ ರೂಪಾಯಿಗೆ ಬಂದಿತೆಂದು ಇಟ್ಟುಕೊಳ್ಳಿ. ಐದು ವರ್ಷದ ಬಾಳಿಕೆಯಲ್ಲಿ ಬ್ಯಾಟರಿ ಬದಲಾವಣೆಗೂ ರಿಪೇರಿಗೂ ಮೂವತ್ತು ಸಾವಿರ ಸೇರಿಸಿದರೆ 1,80,000 ರೂಪಾಯಿ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಹಿರಿಯ ಪ್ರಾಥಮಿಕ ತರಗತಿಗಳಿಗೆ ವರ್ಷಕ್ಕೆ 220 ಕೆಲಸದ ದಿನಗಳು. ದಿನಕ್ಕೊಂದು ಗಂಟೆ ಬಳಸಿದರೆ ಐದು ವರ್ಷಕ್ಕೆ 1,100 ಗಂಟೆ, ಅಂದರೆ ಗಂಟೆಗೆ ಸುಮಾರು 164 ರೂಪಾಯಿ. ವಾರಕ್ಕೊಂದು ಗಂಟೆ ಮಾತ್ರ ಬಳಸಿದರೆ ಒಟ್ಟು ಸುಮಾರು 185 ಗಂಟೆ, ಗಂಟೆಗೆ 970 ರೂಪಾಯಿಯ ಮೇಲೆ. ಹೊಸತನದ ಬಿಸಿ ಆರಿದ ಮೇಲೆ ಎಷ್ಟು ಬಳಕೆಯಾಗುತ್ತದೆಂಬುದನ್ನು ತಿಳಿಯಲು ಹತ್ತಿರದ ಯಾವುದಾದರೂ ಶಾಲೆಯಲ್ಲಿ ಎರಡು ವರ್ಷ ಹಳೆಯದಾದ ಬೋರ್ಡನ್ನು ನೋಡಿ ಬನ್ನಿ. ಉದ್ಘಾಟನೆಯ ಫೋಟೊ ನೋಡಿ ತೀರ್ಮಾನಿಸಬೇಡಿ. ಹೋಗುವಾಗ ಮುಖ್ಯಾಧ್ಯಾಪಕರ ಬದಲು ಏಳನೆಯ ತರಗತಿಯ ಮಕ್ಕಳನ್ನು ಕೇಳಿ, ಅವರು ಮುಚ್ಚುಮರೆ ಮಾಡುವುದಿಲ್ಲ.

ನ್ಯಾಯಕ್ಕಾಗಿ ಕಡ್ಡಿಯ ಲೆಕ್ಕವನ್ನೂ ಬರೆಯಬೇಕು. ಕಡ್ಡಿಗೆ ದುಡ್ಡಿಲ್ಲ, ಆದರೆ ಶಿಕ್ಷಕರ ಸಮಯ ಬೇಕು. ಐದು ಗುಂಪುಗಳಿಗೆ ಕಡ್ಡಿ ಸಿದ್ಧಪಡಿಸಲು ನಮ್ಮ ಅಕ್ಕೋರೊಬ್ಬರಿಗೆ, ಅಂದರೆ ಶಿಕ್ಷಕಿಯೊಬ್ಬರಿಗೆ, ಎರಡು ಸಂಜೆ ಹಿಡಿಯಿತು. ಹಾಜರಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಇವೆಲ್ಲದರ ನಡುವೆ ಆ ಎರಡು ಸಂಜೆಗಳು ಉಚಿತವಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಊರಿನಲ್ಲಿಯೇ ಇರುವವರು ಹಣದ ಬದಲು ಇಂಥ ಸಂಜೆಗಳನ್ನು ಕೊಡಬಹುದು. ಕೇಳಿದರೆ ಬರುತ್ತಾರೆ.

ಸರಳ ವಸ್ತುವನ್ನು ಆರಿಸುವಾಗ

ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ತರಗತಿಯನ್ನು ನೋಡಿದವರಿಗೆ ಸರಳ ವಸ್ತುಗಳು ಹೇಗೆ ಕೆಲಸ ಮಾಡುತ್ತವೆಂದು ಹೇಳಬೇಕಾಗಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿದ ಈ ಪದ್ಧತಿಯಲ್ಲಿ ಕಾರ್ಡು, ಕಲಿಕಾ ಏಣಿ, ಮಕ್ಕಳ ಎತ್ತರಕ್ಕೆ ಇರುವ ಗೋಡೆಹಲಗೆ, ಮಕ್ಕಳ ಕೆಲಸಗಳನ್ನು ತೂಗುಹಾಕುವ ತಲೆಯ ಮೇಲಿನ ಚಪ್ಪರ ಎಲ್ಲವೂ ಅಗ್ಗದ ವಸ್ತುಗಳೇ. ಅವುಗಳ ಶಕ್ತಿ ಏಣಿಯಲ್ಲಿದೆ: ಯಾವ ಮಗು ಯಾವ ಮೆಟ್ಟಿಲಿನಲ್ಲಿದೆಯೆಂದು ಅದು ತೋರಿಸುತ್ತದೆ. ಏಣಿಯನ್ನು ಬಿಟ್ಟು ಕಾರ್ಡುಗಳನ್ನು ಮಾತ್ರ ಹಂಚಿದರೆ ಅದು ಇಸ್ಪೀಟೆಲೆ ಹಂಚಿದಂತೆ.

ಎಣಿಕೆಗೆ ನಮ್ಮಲ್ಲಿ ಹುಣಸೆಬೀಜ, ಅಡಿಕೆ, ಹೊಳೆಯ ದಂಡೆಯ ಚಿಪ್ಪು ಬೇಕಾದಷ್ಟಿವೆ. ಚಿಪ್ಪಿನ ಚೂಪು ಅಂಚುಗಳನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ ಕೊಡಿ. ಗುಲಗಂಜಿಯನ್ನು ಮಾತ್ರ ಎಷ್ಟು ಚೆಂದವಿದ್ದರೂ ತರಗತಿಗೆ ತರಬೇಡಿ. ಅದರ ಬೀಜದಲ್ಲಿ ಕಠೋರ ವಿಷವಿದೆ, ಚಿಕ್ಕ ಮಕ್ಕಳು ಕಚ್ಚಿದರೆ ಜೀವಕ್ಕೆ ಅಪಾಯ. ಹಳೆಯ ಮನೆಗಳ ಅಟ್ಟದಲ್ಲಿ ಧೂಳು ಹಿಡಿದಿರುವ ಚೆನ್ನೆಮಣೆಯನ್ನು ಕೇಳಿ ತನ್ನಿ. ಹದಿನಾಲ್ಕು ಗುಳಿಗಳಿಗೆ ನಾಲ್ಕು ನಾಲ್ಕರಂತೆ ಬೀಜ ಹಾಕಿದರೆ ಐವತ್ತಾರು. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಮೊದಲೇ ಹೇಳುವ ಮಗು ಗಣಿತವನ್ನು ತಲೆಯಲ್ಲಿಯೇ ಮಾಡುತ್ತಿರುತ್ತದೆ. ಒಂದು ಮಣೆಗೆ ಇಬ್ಬರೇ ಆಡುವವರು ಎಂಬುದು ಅದರ ಮಿತಿ. ಮೊಟ್ಟೆಯ ಟ್ರೇಯನ್ನು ಏಳು ಗುಳಿಗಳ ಎರಡು ಸಾಲಾಗಿ ಜೋಡಿಸಿದರೆ ಬೇಕಾದಷ್ಟು ಮಣೆಗಳಾಗುತ್ತವೆ.

ಯಂತ್ರವೇ ಬೇಕಾಗುವ ಜಾಗ

ಕಡ್ಡಿಯಿಂದ ಆಗದ ಕೆಲಸಗಳು ಇವೆ, ಮತ್ತು ಅವುಗಳ ವಿಷಯದಲ್ಲಿ ಹಟ ಮಾಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ಕಣ್ಣು ಕಾಣದ ಒಂದು ಮಗು ಶಾಲೆಯಲ್ಲಿದ್ದರೆ, ಪರದೆಯ ಮೇಲಿನದನ್ನು ಕನ್ನಡದಲ್ಲಿ ಓದಿ ಹೇಳುವ ಫೋನು ಅಥವಾ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿರುವ ಕಂಪ್ಯೂಟರು ಆ ಮಗುವಿಗೆ ಪುಸ್ತಕವೇ ಆಗುತ್ತದೆ; ಶಾಲೆಯ ಹಣದ ಮೊದಲ ರೂಪಾಯಿ ಅಲ್ಲಿಗೆ ಹೋಗಬೇಕು. ಶಿರಸಿ, ಸಿದ್ದಾಪುರ, ಜೋಯಿಡಾದ ಒಳಭಾಗದಲ್ಲಿ ಒಬ್ಬರೇ ಶಿಕ್ಷಕರು ನಾಲ್ಕೈದು ತರಗತಿಗಳನ್ನು ಒಟ್ಟಿಗೆ ನಡೆಸುವ ಶಾಲೆಗಳಲ್ಲಿ, ಒಂದು ಗುಂಪಿಗೆ ಪಾಠ ಮಾಡುವಾಗ ಇನ್ನೊಂದು ಗುಂಪು ಕಥೆ ಕೇಳಲೆಂದು ಪೆನ್‌ಡ್ರೈವ್ ಹಾಕುವ ಚಿಕ್ಕ ಸ್ಪೀಕರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮಾಡುವ ಉಪಕಾರವನ್ನು ದೊಡ್ಡ ಬೋರ್ಡು ಮಾಡಲಾರದು. ಇಂಗ್ಲಿಷಿನ ಉಚ್ಚಾರಣೆಯಲ್ಲಿ ನನ್ನ ಬಾಯಿಗಿಂತ ಆ ಸ್ಪೀಕರನ್ನೇ ನಂಬಬಹುದಿತ್ತು. ಕಣ್ಣಿಗೆ ಕಾಣದ್ದನ್ನು ನೋಡಲು ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವಿದೆ. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುವ ಅದನ್ನು ಸರಳ ವಸ್ತು ಎನ್ನಬೇಕೋ ತಂತ್ರಜ್ಞಾನ ಎನ್ನಬೇಕೋ ನನಗೆ ತಿಳಿಯದು. ಹೊಳೆಯ ಒಂದು ಹನಿ ನೀರನ್ನು ಅದರಲ್ಲಿ ನೋಡಿದ ಹುಡುಗನಿಗೆ ಆ ಪ್ರಶ್ನೆ ಏಳಲಿಲ್ಲ.

ಎರಡನ್ನೂ ಸೇರಿಸುವ ಕ್ರಮವನ್ನು ನಾವು ಅಘನಾಶಿನಿಯ ದಂಡೆಯಲ್ಲಿ ಕಲಿತೆವು. ಉಬ್ಬರವಿಳಿತದ ಪಾಠಕ್ಕೆ ಒಂದು ಬಿದಿರಿನ ಗಳಕ್ಕೆ ಹತ್ತು ಸೆಂಟಿಮೀಟರಿಗೊಂದರಂತೆ ಬಣ್ಣದ ಪಟ್ಟೆ ಬಳಿದು ದೋಣಿ ಕಟ್ಟುವ ಧಕ್ಕೆಯ ಪಕ್ಕದಲ್ಲಿ ನೆಟ್ಟೆವು. ಮಕ್ಕಳು ಶಾಲೆಗೆ ಬರುವಾಗ, ಊಟದ ಬಿಡುವಿನಲ್ಲಿ, ಮನೆಗೆ ಹೋಗುವಾಗ, ಹಿರಿಯರೊಬ್ಬರ ಜತೆಯಲ್ಲಿ ನೀರು ಎಷ್ಟನೆಯ ಪಟ್ಟೆಗೆ ಬಂದಿದೆಯೆಂದು ಹದಿನೈದು ದಿನ ಬರೆದರು. ಭರತಿಯ, ಅಂದರೆ ಉಬ್ಬರದ, ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆಂಬುದನ್ನು ಅವರ ಪಟ್ಟಿಯೇ ಹೇಳಿತು. ಹುಣ್ಣಿಮೆಯ ಭರತಿ ದೊಡ್ಡದೆಂಬುದನ್ನು ಮೀನುಗಾರರ ಮಕ್ಕಳು ನಮಗೇ ಮೊದಲು ಹೇಳಿದ್ದರು. ಈಗ ಅದು ಅಂಕಿಯಾಗಿ ಎದುರಿಗೆ ಬಂತು. ಯಾಕೆ ಹೀಗೆ ಎಂಬ ಪ್ರಶ್ನೆ ಮಕ್ಕಳ ಬಾಯಿಂದಲೇ ಬಂದ ದಿನ, ಚಂದ್ರ ಭೂಮಿಯನ್ನು ಸುತ್ತುವ ಎರಡು ನಿಮಿಷದ ಚಲನಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆವು. ಅದನ್ನು ಬಿದಿರಿನ ಗಳ ತೋರಿಸಲಾರದು. ಹಿಂದಿನ ವರ್ಷ ಅದೇ ಚಲನಚಿತ್ರವನ್ನು ಮೊದಲ ದಿನವೇ ತೋರಿಸಿದ್ದೆವು, ಆಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಬೋರ್ಡು ಆಗಲೇ ಬಂದಿದ್ದರೆ

ದಾನಿಗಳು ಮನಸ್ಸು ಮಾಡಿ ಬೋರ್ಡನ್ನೇ ಕೊಟ್ಟಿದ್ದರೆ ಅದನ್ನು ಮೂಲೆಗೆ ತಳ್ಳುವುದು ಸರಿಯಲ್ಲ. ಕೊಳ್ಳುವ ಹಂತದಲ್ಲಿಯೇ ಕೆಲವು ಮಾತುಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ಕೆಟ್ಟರೆ ಎಷ್ಟು ದಿನದಲ್ಲಿ ಶಾಲೆಗೇ ಬಂದು ಸರಿಪಡಿಸುತ್ತಾರೆ, ಯಾವ ಊರಿನಿಂದ ಬರುತ್ತಾರೆ, ವಾರಂಟಿಯಲ್ಲಿ ಬ್ಯಾಟರಿ ಸೇರಿದೆಯೇ, ಇಂಟರ್ನೆಟ್ ಇಲ್ಲದಿದ್ದರೂ ಪಾಠಗಳು ತೆರೆಯುತ್ತವೆಯೇ. ಕೊನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು. ಅಂಗಡಿಯವರ ಎದುರಿಗೇ ವೈಫೈ ಬಂದ್ ಮಾಡಿ ಪರೀಕ್ಷಿಸಿ. ಅರ್ಥಿಂಗನ್ನು ಪರಿಚಯದ ವೈರ್‌ಮನ್ ಕೈಯಲ್ಲಿ ನೋಡಿಸಿ, ಗುಡುಗು ಸಿಡಿಲಿನ ಸೂಚನೆ ಕಂಡರೆ ಪ್ಲಗ್ಗನ್ನೇ ಕಿತ್ತಿಡುವ ಹೊಣೆಯನ್ನು ಒಬ್ಬರಿಗೆ ವಹಿಸಿ. ರಜೆಯ ದಿನಗಳಲ್ಲಿಯೂ ವಾರಕ್ಕೊಮ್ಮೆ ಅರ್ಧ ಗಂಟೆ ಚಾಲು ಮಾಡಿಟ್ಟರೆ ಒಳಗಿನ ತೇವ ಆರುತ್ತದೆ. ಹಲ್ಲಿ ನುಗ್ಗುವ ಯುಪಿಎಸ್ಸಿನ ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಬಟ್ಟೆ ಕಟ್ಟಿದರೆ ಗಾಳಿಯಾಡದೆ ಬಿಸಿಯಾಗುತ್ತದೆ.

ಪಾಠ ಮಾಡುವಾಗ ವಿಡಿಯೊವನ್ನು ಎರಡು ನಿಮಿಷಕ್ಕಿಂತ ಹೆಚ್ಚು ಓಡಲು ಬಿಡಬೇಡಿ. ನಿಲ್ಲಿಸಿ, ಮುಂದೇನಾಗುತ್ತದೆಂದು ಪ್ರತಿ ಮಗುವೂ ಪಾಟಿಯ (ಸ್ಲೇಟಿನ) ಮೇಲೆ ಬರೆದು ಎತ್ತಿ ತೋರಿಸಲಿ, ಆಮೇಲೆ ಮುಂದುವರಿಸಿ. ಮೂವತ್ತು ಪಾಟಿಗಳು ಮೇಲೆದ್ದಾಗ ಯಾರಿಗೆ ತಿಳಿದಿಲ್ಲವೆಂಬುದು ಕಣ್ಣಳತೆಯಲ್ಲಿಯೇ ಗೊತ್ತಾಗುತ್ತದೆ. ಲಕ್ಷ ರೂಪಾಯಿಯ ಬೋರ್ಡಿಗೆ ಈ ಮಾಹಿತಿಯನ್ನು ಒದಗಿಸುವುದು ಅಗ್ಗದ ಪಾಟಿ. ವಿಡಿಯೊದ ಪುಸ್ತಕದ ಕನ್ನಡ ಮಕ್ಕಳಿಗೆ ತಾಗದಿದ್ದರೆ ಧ್ವನಿ ನಿಲ್ಲಿಸಿ ನಿಮ್ಮ ಮಾತಿನಲ್ಲಿಯೇ ವಿವರಿಸಿ. ಪಠ್ಯಪುಸ್ತಕದ ಕ್ಯೂಆರ್ ಕೋಡಿನ ಮೂಲಕ ದೀಕ್ಷಾ ಎಂಬ ಸರಕಾರಿ ಕಲಿಕಾ ಜಾಲತಾಣದಲ್ಲಿ ಸಿಗುವ ಪಾಠಗಳನ್ನು ನೆಟ್‌ವರ್ಕ್ ಇರುವ ಕಡೆ ಮೊದಲೇ ಇಳಿಸಿಕೊಂಡು ಬರುವುದು ಒಳ್ಳೆಯದು, ಮತ್ತು ತರಗತಿಗೆ ತೋರಿಸುವ ಮೊದಲು ಕೊನೆಯ ಬೆಂಚಿನ ಮೇಲೆ ನೀವೇ ಕುಳಿತು ಅಕ್ಷರ ಕಾಣುತ್ತದೆಯೇ ಎಂದು ನೋಡಬೇಕು. ಕಿಟಕಿಯ ಬೆಳಕು ಪರದೆಯ ಮೇಲೆ ಬೀಳುವ ಕೋಣೆಗಳಲ್ಲಿ ಅರ್ಧದಷ್ಟು ಮಕ್ಕಳು ಹೊಳಪನ್ನು ಮಾತ್ರ ನೋಡುತ್ತಿರುತ್ತಾರೆ.

ಹಣದ ಹಂಚಿಕೆಯನ್ನು ಒಂದೇ ಸಭೆಯಲ್ಲಿ ಮುಗಿಸಬೇಡಿ. ತೊಡಕಿನ ಪುಟದಲ್ಲಿ ಬರೆದ ಅಗ್ಗದ ವಸ್ತುಗಳನ್ನು ಜೂನ್ ತಿಂಗಳಿಗೆ ಮೊದಲೇ ಸಿದ್ಧಪಡಿಸಿ, ಉಳಿದ ಹಣವನ್ನು ಬ್ಯಾಂಕಿನಲ್ಲಿಡಿ. ದಸರಾ ರಜೆ ಮುಗಿದು ಶಾಲೆ ಆರಂಭವಾದ ವಾರ, ಅಂಕಿಗಳನ್ನು ಮಾತ್ರ ಬದಲಿಸಿ ಅದೇ ಬಗೆಯ ಹತ್ತು ಲೆಕ್ಕಗಳನ್ನು ಮತ್ತೆ ಕೊಡಿ, ತಪ್ಪು ಉತ್ತರಗಳನ್ನು ಹಳೆಯ ಹಾಳೆಯ ಪಕ್ಕದಲ್ಲಿಯೇ ಬರೆಯಿರಿ. ಯಾವ ತಪ್ಪು ಕಡಿಮೆಯಾಗಿದೆ, ಯಾವುದು ಹಾಗೆಯೇ ಕುಳಿತಿದೆ ಎಂದು ಸದಸ್ಯರಿಗೆ ತೋರಿಸಿ. ಹಾಗೆಯೇ ಕುಳಿತ ತಪ್ಪಿಗೆ ಯಾವ ಯಂತ್ರ ಬೇಕೆಂಬ ಚರ್ಚೆಯನ್ನು ಆ ದಿನ ಎತ್ತಿಕೊಳ್ಳಿ, ದರಪಟ್ಟಿಯನ್ನು ಅದಾದ ಮೇಲೆ ತರಿಸಿ.